ಗೆರೆಯ ಪಕ್ಕ ಓಡಿದ ಕಾರೆಲ್



ಈ ವಾರ ಬಂದ ಕಾಗದಗಳಲ್ಲಿ ಏಳನೆಯ ತರಗತಿಯ ಹುಡುಗನದೊಂದು ಇದೆ. "ಹೆಸರು ಹಾಕಬೇಡಿ" ಎಂದು ಬರೆದು ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದಾನೆ. ಹಾಗಾಗಿ ಹಾಕುವುದಿಲ್ಲ. ಅವನ ಪ್ರಶ್ನೆ ಇಷ್ಟು: "ನಮ್ಮ ಶಾಲೆಯ ತಂಡ ಕಪ್ಪಿನ ಓಟದಿಂದ ಆಗಲೇ ಹೊರಗೆ ಬಿದ್ದಿದೆ. ಇನ್ನೊಂದೇ ಮ್ಯಾಚ್ ಬಾಕಿ. ಅದರಲ್ಲಿ ನಾವು ಸೋತರೆ ಎದುರು ತಂಡಕ್ಕೆ ಕಪ್ಪು. ಗೆದ್ದರೆ ನಮಗೆ ಆಗದ ಪಕ್ಕದ ಶಾಲೆಗೆ ಕಪ್ಪು. ನಮ್ಮವರೆಲ್ಲ ಸುಮ್ಮನೆ ಸೋತುಬಿಡೋಣ ಅಂತಿದ್ದಾರೆ. ನಾನೇನು ಮಾಡಲಿ?"

ಕಾಗದ ಓದಿದಾಗ ನನಗೆ ತಟ್ಟನೆ ನೆನಪಾದವರು ಕಾರೆಲ್ ಪೊಬೊರ್‌ಸ್ಕಿ. ಜೆಕ್ ದೇಶದ ಫುಟ್‌ಬಾಲ್ ಆಟಗಾರ. ಈ ಹುಡುಗನಿಗೆ ಬಂದಂಥದೇ ಇಕ್ಕಟ್ಟು ಅವರಿಗೂ ಒಂದು ದಿನ ಬಂದಿತ್ತು, ಅದೂ ರೋಮ್ ನಗರದ ತುಂಬಿದ ಕ್ರೀಡಾಂಗಣದಲ್ಲಿ. ಆ ದಿನದ ಕಥೆಗೆ ಬರುವ ಮೊದಲು ಅವರು ಯಾರು, ಎಲ್ಲಿಂದ ಬಂದವರು ಎಂದು ಹೇಳಬೇಕು.

ಪೊಬೊರ್‌ಸ್ಕಿ ಆಡುತ್ತಿದ್ದ ಜಾಗಕ್ಕೆ ವಿಂಗರ್ ಎನ್ನುತ್ತಾರೆ. ಫುಟ್‌ಬಾಲ್ ಮೈದಾನದ ಎರಡೂ ಬದಿಗೆ ಉದ್ದಕ್ಕೆ ಬಿಳಿ ಗೆರೆ ಇರುತ್ತದಲ್ಲ, ಆ ಗೆರೆಯ ಪಕ್ಕದಲ್ಲೇ ಓಡಾಡುವವನು ವಿಂಗರ್. ಪೊಬೊರ್‌ಸ್ಕಿಯದು ಬಲಬದಿ. ಚೆಂಡು ಸಿಕ್ಕಾಗ ಕಾವಲುಗಾರನನ್ನು ದಾಟಿ ಮುಂದಕ್ಕೆ ಓಡಬೇಕು, ಗೋಲಿನ ಎದುರು ನಿಂತವರ ಕಾಲಿಗೋ ತಲೆಗೋ ಸಿಗುವಂತೆ ಚೆಂಡು ಹಾಕಬೇಕು. ಎದುರಾಳಿ ಚೆಂಡು ಕಿತ್ತುಕೊಂಡರೆ ಅದೇ ಗೆರೆ ಹಿಡಿದು ಹಿಂದಕ್ಕೆ ಓಡಿ ಬಂದು ತನ್ನ ಬದಿ ಕಾಯಬೇಕು. ಮದುವೆ ಮನೆಯಲ್ಲಿ ಪಂಕ್ತಿ ಬಡಿಸುವವರನ್ನು ನೋಡಿದ್ದೀರಲ್ಲ? ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಓಡಿ ಓಡಿ ಬೆವರಿಳಿಸುವವರು ಅವರು. "ಸಾರು ಚೆನ್ನಾಗಿತ್ತು" ಎಂಬ ಹೊಗಳಿಕೆ ಮಾತ್ರ ಅಡುಗೆಯವರಿಗೆ. ವಿಂಗರ್‌ನ ಬದುಕು ಹೆಚ್ಚುಕಡಿಮೆ ಹಾಗೆಯೇ. ಪೊಬೊರ್‌ಸ್ಕಿ ತನ್ನ ದೇಶಕ್ಕೆ 118 ಪಂದ್ಯ ಆಡಿದರು. ಹೊಡೆದ ಗೋಲು 8.

ಅವರು ಹುಟ್ಟಿದ್ದು 1972ರ ಮಾರ್ಚ್ 30ರಂದು, ದಕ್ಷಿಣ ಬೊಹೆಮಿಯಾ ಎಂಬ ಸೀಮೆಯಲ್ಲಿ. ಆಗ ಜೆಕ್ ಮತ್ತು ಸ್ಲೊವಾಕ್ ಜನ ಸೇರಿ ಜೆಕೊಸ್ಲೊವಾಕಿಯಾ ಎಂಬ ಒಂದೇ ದೇಶವಿತ್ತು. ಅಜ್ಜ ಅಜ್ಜಿಯರು ಶಾಲೆಯಲ್ಲಿ ಓದಿದ ಭೂಪಟದಲ್ಲಿ ಆ ಹೆಸರೇ ಇದ್ದದ್ದು. 1993ರ ಜನವರಿ 1ರಂದು ಅದು ಜಗಳವಿಲ್ಲದೆ, ಅಣ್ಣತಮ್ಮಂದಿರು ಕೂತು ಮಾತಾಡಿ ಹಿಸ್ಸೆಯಾದ ಹಾಗೆ, ಎರಡು ದೇಶವಾಯಿತು. ಈ ಮಾತು ನೆನಪಿಟ್ಟುಕೊಳ್ಳಿ, ಕಥೆಯಲ್ಲಿ ಮುಂದೆ ಬೇಕಾಗುತ್ತದೆ.

ಕಾರೆಲ್ ಚೆಂಡು ಒದೆಯಲು ಕಲಿತದ್ದು ಟ್ರೆಬೊನ್ ಎಂಬ ಸಣ್ಣ ಪಟ್ಟಣದಲ್ಲಿ. ಆ ಊರು ಕೆರೆಗಳಿಗೆ ಹೆಸರುವಾಸಿ. ನಾನೂರು ವರ್ಷಕ್ಕೂ ಹಿಂದೆ ಜನ ಏರಿ ಹಾಕಿ, ತೂಬು ಇಟ್ಟು ಕಟ್ಟಿದ ಕೆರೆಗಳು ಅವು. ಅವುಗಳಲ್ಲಿ ರೋಜ್‌ಂಬೆರ್ಕ್ ಎಂಬುದು ಆ ದೇಶಕ್ಕೇ ದೊಡ್ಡ ಕೆರೆ. ಅಲ್ಲಿ ಕಾರ್ಪ್ ಮೀನು ಸಾಕುತ್ತಾರೆ, ಕ್ರಿಸ್‌ಮಸ್ ಹಬ್ಬದ ಊಟಕ್ಕೆ ಜೆಕ್ ಮನೆಗಳಲ್ಲಿ ಆ ಮೀನೇ ಆಗಬೇಕು. ಅಂಥ ಊರಿನ ಹುಡುಗ ಹತ್ತಿರದ ದೊಡ್ಡ ಪಟ್ಟಣ ಚೆಸ್ಕೆ ಬುದೆಯೊವಿತ್ಸೆಯ ಡೈನಮೊ ಕ್ಲಬ್ ಸೇರಿದ, ಅಲ್ಲಿಂದ ರಾಜಧಾನಿ ಪ್ರಾಗ್‌ಗೆ ಹೋದ. 1996ರಲ್ಲಿ ಅವರಿದ್ದ ಸ್ಲಾವಿಯಾ ಪ್ರಾಗ್ ತಂಡ 1947ರ ನಂತರ ಮೊದಲ ಬಾರಿಗೆ ಲೀಗ್ ಗೆದ್ದಿತು. ಅದೇ ವರ್ಷ ಬೇಸಿಗೆಯಲ್ಲಿ ಇಂಗ್ಲೆಂಡಿನಲ್ಲಿ ಯುರೋ ಕಪ್.

ಬೇರೆಯಾದ ಮೇಲೆ ಜೆಕ್ ದೇಶಕ್ಕೆ ಅದೇ ಮೊದಲ ದೊಡ್ಡ ಪಂದ್ಯಾವಳಿ. ಈ ತಂಡ ಬಹಳ ದೂರ ಹೋಗುತ್ತದೆಂದು ಯಾರೂ ಎಣಿಸಿರಲಿಲ್ಲ. ತಂಡದವರೇ ಎಣಿಸಿರಲಿಲ್ಲ ಎನ್ನುವುದಕ್ಕೆ ಸಾಕ್ಷಿ ವ್ಲಾದಿಮಿರ್ ಶ್ಮಿತ್ಸರ್ ಎಂಬ ಆಟಗಾರರ ಮದುವೆ. ಪಂದ್ಯಾವಳಿ ಮುಗಿಯುವ ಮೊದಲೇ ಅವರ ಮದುವೆಯ ದಿನ ಗೊತ್ತಾಗಿತ್ತು! ತಂಡ ಗೆಲ್ಲುತ್ತಲೇ ಹೋಯಿತು. ಪಾಪ, ಮದುಮಗ ಪ್ರಾಗ್‌ಗೆ ವಿಮಾನದಲ್ಲಿ ಹೋಗಿ ಮದುವೆಯಾಗಿ, ಫೈನಲ್‌ಗೆ ಮತ್ತೆ ಇಂಗ್ಲೆಂಡಿಗೆ ಓಡಿಬಂದರು.

ಕ್ವಾರ್ಟರ್ ಫೈನಲ್‌ನಲ್ಲಿ ಎದುರಾದದ್ದು ಪೋರ್ಚುಗಲ್. ಫಿಗೊ, ರೂಯಿ ಕೋಸ್ಟಾ ಅವರಂಥ ಘಟಾನುಘಟಿಗಳ ತಂಡ. ಜೂನ್ 23ರಂದು ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್‌ನಲ್ಲಿ ಆಟ. 53ನೆಯ ನಿಮಿಷದಲ್ಲಿ ಪೊಬೊರ್‌ಸ್ಕಿ ಚೆಂಡು ಹಿಡಿದು ಪೋರ್ಚುಗಲ್ ಆಟಗಾರರ ಗುಂಪಿನೊಳಕ್ಕೇ ನುಗ್ಗಿದರು. ಗುಂಗುರು ಕೂದಲು ಹಾರಾಡುತ್ತಿತ್ತು. ಚೆಂಡು ಯಾರದೋ ಕಾಲಿಗೆ ತಾಗಿ ಅವರ ಮುಂದಕ್ಕೇ ಪುಟಿಯಿತು. ಅದು ಅದೃಷ್ಟ, ಸುಳ್ಳು ಹೇಳಬಾರದು. ಆಮೇಲಿನದು ಅದೃಷ್ಟವಲ್ಲ. ಗೋಲ್‌ಕೀಪರ್ ವೀತೊರ್ ಬಾಯಿಯಾ ಮುಂದೆ ಬಂದಿದ್ದರು. ಎಲ್ಲರೂ ಜೋರಾಗಿ ಹೊಡೆಯುವ ಜಾಗದಲ್ಲಿ ಪೊಬೊರ್‌ಸ್ಕಿ ಬೂಟಿನ ತುದಿಯನ್ನು ಚೆಂಡಿನ ಅಡಿಗೆ ತೂರಿಸಿ ಮೇಲಕ್ಕೆ ಎತ್ತಿಬಿಟ್ಟರು, ಸೌಟಿನಲ್ಲಿ ಎತ್ತಿದ ಹಾಗೆ. ಚೆಂಡು ನೆಟ್ಟಗೆ ಆಕಾಶಕ್ಕೆ ಹೋದಂತೆ ಕಂಡಿತು. ಬಾಯಿಯಾ ತಲೆಯೆತ್ತಿ ನೋಡುತ್ತಿದ್ದಂತೆ ಅವರ ಹಿಂದೆ ಇಳಿದು ಬಲೆಯೊಳಗೆ ಬಿತ್ತು. ಆ ಒಂದು ಗೋಲಿನಿಂದ ಜೆಕ್ ಗೆದ್ದಿತು.

ಹಿರಿಯರಿಗೆ ಇಲ್ಲೊಂದು ಹಳೆಯ ಮಾತು ನೆನಪಾಗಬಹುದು. ಇಪ್ಪತ್ತು ವರ್ಷ ಹಿಂದೆ, 1976ರ ಯುರೋ ಫೈನಲ್‌ನಲ್ಲಿ ಪಶ್ಚಿಮ ಜರ್ಮನಿಯ ವಿರುದ್ಧ ಕಪ್ಪು ನಿರ್ಧರಿಸುವ ಪೆನಾಲ್ಟಿಯನ್ನು ಜೆಕೊಸ್ಲೊವಾಕಿಯಾದ ಆಂಟೊನಿನ್ ಪನೆಂಕಾ ಹೀಗೆಯೇ ಮೆಲ್ಲಗೆ ಎತ್ತಿ ಹಾಕಿದ್ದರು. ಗೋಲ್‌ಕೀಪರ್ ಒಂದು ಬದಿಗೆ ಹಾರಿದರು, ಚೆಂಡು ನಡುವೆ ನಿಧಾನವಾಗಿ ಹೋಗಿ ಕೂತಿತು. ಇಂದಿಗೂ ಅಂಥ ಪೆನಾಲ್ಟಿಗೆ ಪನೆಂಕಾ ಎಂದೇ ಹೆಸರು. ಆ ನಾಡಿನ ಮಣ್ಣಿನಲ್ಲೇ ಈ ತುಂಟತನ ಇದೆಯೋ ಏನೋ. ಎರಡೂ ಗೋಲುಗಳನ್ನು ಮೊಮ್ಮಕ್ಕಳ ಫೋನಿನಲ್ಲಿ ಹುಡುಕಿಸಿ ನೋಡಿ, ಎರಡು ನಿಮಿಷದ ಕೆಲಸ.

ಸೆಮಿಫೈನಲ್‌ನಲ್ಲಿ ಫ್ರಾನ್ಸನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಜೆಕ್ ತಂಡ ಫೈನಲ್ ತಲುಪಿತು. ವೆಂಬ್ಲಿಯಲ್ಲಿ ಜರ್ಮನಿ ಎದುರು. ಪೊಬೊರ್‌ಸ್ಕಿ ಚೆಂಡು ಹಿಡಿದು ಓಡುತ್ತಿದ್ದಾಗ ಜರ್ಮನಿಯ ಝಾಮರ್ ಅವರನ್ನು ಬೀಳಿಸಿದರು. ರೆಫರಿ ಪೆನಾಲ್ಟಿ ಕೊಟ್ಟರು. ಟೀವಿಯಲ್ಲಿ ಮತ್ತೆ ನೋಡಿದರೆ ತಾಗಿದ್ದು ಚೌಕದ ಹೊರಗೆ ಎಂದೇ ಕಾಣುತ್ತದೆ. ಬೆರ್ಗರ್ ಗೋಲು ಹೊಡೆದರು. ಜರ್ಮನಿಯ ಬಿಯರ್‌ಹೋಫ್ ಸಮ ಮಾಡಿದರು. 88ನೆಯ ನಿಮಿಷಕ್ಕೆ ಪೊಬೊರ್‌ಸ್ಕಿಯನ್ನು ಹೊರಗೆ ಕರೆದು ಅವರ ಜಾಗಕ್ಕೆ ಇಳಿಸಿದ್ದು ಯಾರನ್ನು ಗೊತ್ತೆ? ಹೊಸ ಮದುಮಗ ಶ್ಮಿತ್ಸರ್‌ರನ್ನು. ಆಗ "ಚಿನ್ನದ ಗೋಲು" ಎಂಬ ನಿಯಮವಿತ್ತು. ಹೆಚ್ಚುವರಿ ಸಮಯದಲ್ಲಿ ಯಾರು ಮೊದಲು ಗೋಲು ಹೊಡೆದರೂ ಅಲ್ಲಿಗೇ ಆಟ ಮುಗಿಯಿತು. ಬಿಯರ್‌ಹೋಫ್ ಮತ್ತೆ ಹೊಡೆದರು. ಕಪ್ಪು ಜರ್ಮನಿಗೆ ಹೋಯಿತು.

ಆ ಪಂದ್ಯಾವಳಿ ಮುಗಿಯುತ್ತಲೇ ಮ್ಯಾಂಚೆಸ್ಟರ್ ಯುನೈಟೆಡ್ 35 ಲಕ್ಷ ಪೌಂಡು ಕೊಟ್ಟು ಪೊಬೊರ್‌ಸ್ಕಿಯನ್ನು ಕೊಂಡಿತು. ಕೆರೆಯೂರಿನ ಹುಡುಗ ಜಗತ್ತಿನ ಅತಿ ಹೆಸರಾದ ಕ್ಲಬ್ಬುಗಳಲ್ಲೊಂದಕ್ಕೆ ಬಂದ. ಬಲಬದಿಯ ಜಾಗ ಅವರಿಗೇ ಎಂದು ಎಲ್ಲರ ಅಂದಾಜು. ಆದರೆ ಹೊಸ ಸೀಸನ್ನಿನ ಮೊದಲ ದಿನವೇ, 1996ರ ಆಗಸ್ಟ್ 17ರಂದು, ಅದೇ ಕ್ಲಬ್ಬಿನಲ್ಲಿ ಬೆಳೆದ 21 ವರ್ಷದ ಹುಡುಗನೊಬ್ಬ ವಿಂಬಲ್ಡನ್ ತಂಡದ ವಿರುದ್ಧ ಮೈದಾನದ ನಡುಗೆರೆಯ ಹತ್ತಿರದಿಂದ ಗೋಲು ಹೊಡೆದುಬಿಟ್ಟ. ಅವನ ಹೆಸರು ಡೇವಿಡ್ ಬೆಕ್‌ಹ್ಯಾಮ್. ಅವನದೂ ಬಲಬದಿಯೇ!

ಮುಂದೆ ಏನಾಯಿತೆಂದು ನೀವೇ ಊಹಿಸಬಹುದು. ಯುನೈಟೆಡ್ ಆ ವರ್ಷ ಲೀಗ್ ಗೆದ್ದಿತು, ಪೊಬೊರ್‌ಸ್ಕಿಗೂ ಪದಕ ಸಿಕ್ಕಿತು, ಆದರೆ ಬೆಂಚಿನ ಮೇಲೆ ಕೂತ ದಿನಗಳು ಹೆಚ್ಚಾದವು. ಒಂದೂವರೆ ವರ್ಷಕ್ಕೆ ಅವರು ಇಂಗ್ಲೆಂಡ್ ಬಿಟ್ಟರು. ಇದನ್ನು ಸೋಲು ಎಂದು ಬರೆಯುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ತರಗತಿಗೆ ನಿಮಗಿಂತ ಜೋರಾಗಿ ಗಣಿತ ಮಾಡುವ ಹುಡುಗಿಯೊಬ್ಬಳು ಬಂದು ಸೇರಿದರೆ ಅದು ನಿಮ್ಮ ತಪ್ಪೇ? ಅವರು ಹೋದದ್ದಾದರೂ ಎಲ್ಲಿಗೆ? ಪೋರ್ಚುಗಲ್‌ನ ಲಿಸ್ಬನ್‌ಗೆ, ಬೆನ್ಫಿಕಾ ಕ್ಲಬ್ಬಿಗೆ. ಯಾರ ತಲೆಯ ಮೇಲಿಂದ ಚೆಂಡು ಎತ್ತಿ ಹಾಕಿ ಅಳಿಸಿದ್ದರೋ ಅದೇ ದೇಶದ ಜನ ಮೂರು ವರ್ಷ ಅವರ ಓಟಕ್ಕೆ ಚಪ್ಪಾಳೆ ತಟ್ಟಿದರು.

2001ರ ಜನವರಿಯಲ್ಲಿ ಅವರು ಇಟಲಿಗೆ ಬಂದರು, ರೋಮ್ ನಗರದ ಲಾಜಿಯೋ ಕ್ಲಬ್ಬಿಗೆ. ಅಲ್ಲಿ ಅವರ ದೇಶದವರೇ ಆದ ಪಾವೆಲ್ ನೆಡ್ವೆಡ್ ಇದ್ದರು, ಆದರೆ ಅದೇ ವರ್ಷ ಬೇಸಿಗೆಯಲ್ಲಿ ಅವರು ಟ್ಯೂರಿನ್‌ನ ಯುವೆಂಟಸ್ ತಂಡಕ್ಕೆ ಹೋದರು.

ಈಗ 2002ರ ಮೇ 5ಕ್ಕೆ ಬರೋಣ. ಕಾಗದ ಬರೆದ ಹುಡುಗ ಇಲ್ಲಿ ಗಮನವಿಟ್ಟು ಓದಲಿ.

ಅಂದು ಇಟಲಿಯ ಲೀಗ್‌ನ ಕೊನೆಯ ದಿನ. ಮಿಲಾನ್‌ನ ಇಂಟರ್ ತಂಡಕ್ಕೆ 69 ಅಂಕ, ಯುವೆಂಟಸ್‌ಗೆ 68, ರೋಮಾ ತಂಡಕ್ಕೆ 67. ಗೆದ್ದರೆ 3 ಅಂಕ, ಸಮವಾದರೆ 1. ಅಂದರೆ ಇಂಟರ್ ಗೆದ್ದರೆ ಸಾಕು, ಬೇರೆ ಯಾರು ಏನು ಮಾಡಿದರೂ ಕಪ್ಪು ಅವರದೇ. 1989ರಿಂದ ಅವರಿಗೆ ಲೀಗ್ ಕಪ್ಪು ಸಿಕ್ಕಿರಲಿಲ್ಲ. ಕೊನೆಯ ಆಟ ಯಾರ ಎದುರು? ರೋಮ್‌ನಲ್ಲಿ, ಲಾಜಿಯೋ ಎದುರು. ಲಾಜಿಯೋ ಪ್ರಶಸ್ತಿಯ ಓಟದಿಂದ ಯಾವಾಗಲೋ ಹೊರಬಿದ್ದಿತ್ತು.

ಇದರಲ್ಲಿ ಒಂದು ಗಂಟಿದೆ. ಲಾಜಿಯೋ ಮತ್ತು ರೋಮಾ ಎರಡೂ ರೋಮ್ ನಗರದ ತಂಡಗಳು. ಆಡುವುದೂ ಒಂದೇ ಕ್ರೀಡಾಂಗಣದಲ್ಲಿ. ಇಬ್ಬರ ಅಭಿಮಾನಿಗಳಿಗೂ ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗದು, ಒಂದೇ ಓಣಿಯ ಎರಡು ಗಣಪತಿ ಮಂಡಳಿಗಳ ಹಾಗೆ. ಇಂಟರ್ ಎಡವಿ ಯುವೆಂಟಸ್ಸೂ ಎಡವಿದರೆ ಕಪ್ಪು ರೋಮಾ ಪಾಲಾಗುವ ಸಾಧ್ಯತೆ ಇತ್ತು. ಅದಾಗಬಾರದು ಎಂದು ಲಾಜಿಯೋ ಅಭಿಮಾನಿಗಳಲ್ಲಿ ಅನೇಕರು ತಮ್ಮ ತಂಡ ಸೋತು ಇಂಟರ್ ಗೆಲ್ಲಲಿ ಎಂದೇ ಬಂದು ಕೂತಿದ್ದರು! ತಮ್ಮದೇ ಮೈದಾನದಲ್ಲಿ ಎದುರು ತಂಡ ಗೋಲು ಹೊಡೆದರೆ ಚಪ್ಪಾಳೆ.

12ನೆಯ ನಿಮಿಷದಲ್ಲಿ ಇಂಟರ್‌ನ ವಿಯೇರಿ ಗೋಲು ಹೊಡೆದಾಗ ಅದೇ ಆಯಿತು. ಎರಡೂ ಕಡೆಯವರು ಕುಣಿದರು. ಎಲ್ಲರಿಗೂ ಬೇಕಾದ ಹಾಗೆ ನಡೆಯುತ್ತಿತ್ತು.

20ನೆಯ ನಿಮಿಷದಲ್ಲಿ ಪೊಬೊರ್‌ಸ್ಕಿ ಗೋಲು ಹೊಡೆದರು. 1-1.

ನಾಲ್ಕು ನಿಮಿಷದಲ್ಲಿ ಇಂಟರ್‌ನ ದಿ ಬಿಯಾಜೊ ಮತ್ತೆ ಮುಂದೆ ತಂದರು, 2-1. ಮಧ್ಯಂತರಕ್ಕೆ ಇನ್ನೇನು ಸೀಟಿ ಊದಬೇಕು, ಚೆಂಡು ಇಂಟರ್‌ನ ಗೋಲಿನ ಕಡೆ ಎತ್ತರದಲ್ಲಿ ಬಂತು. ಅಲ್ಲಿದ್ದವರು ಇಂಟರ್‌ನ ಎಡಬದಿಯ ಕಾವಲುಗಾರ ವ್ರಾತಿಸ್ಲಾವ್ ಗ್ರೆಶ್ಕೊ. ಅವರು ಸ್ಲೊವಾಕ್. ಆಗಲೇ ಹೇಳಿದೆನಲ್ಲ, ಚಿಕ್ಕಂದಿನಲ್ಲಿ ಇಬ್ಬರದೂ ಒಂದೇ ದೇಶ, ಒಂದೇ ಬಾವುಟ. ಗ್ರೆಶ್ಕೊ ಚೆಂಡನ್ನು ತಲೆಯಿಂದ ತಮ್ಮ ಗೋಲ್‌ಕೀಪರ್ ಟೋಲ್ಡೊ ಕಡೆ ತಳ್ಳಿದರು. ಬಹಳ ಮೆತ್ತಗಾಯಿತು. ಟೋಲ್ಡೊಗೆ ತಲುಪುವ ಮೊದಲೇ ನಡುವೆ ಒಂದು ಕಾಲು ಬಂತು. ಗೆರೆಯ ಪಕ್ಕದಿಂದ ಓಡಿಬಂದಿದ್ದ ಪೊಬೊರ್‌ಸ್ಕಿಯ ಕಾಲು. 2-2.

ಒಂದು ನಿಮಿಷ ಇಲ್ಲಿ ನಿಲ್ಲೋಣ. ಅವರು ಓಡದೆ ಇದ್ದಿದ್ದರೆ ಯಾರಾದರೂ ಕೇಳುತ್ತಿದ್ದರೇ? ಮಧ್ಯಂತರಕ್ಕೆ ಕ್ಷಣಗಳಿದ್ದವು, ತಂಡಕ್ಕೆ ಕಪ್ಪಿನ ಆಸೆ ಇರಲಿಲ್ಲ. ಅದೇ ಬೇಸಿಗೆಯಲ್ಲಿ ಅವರು ಲಾಜಿಯೋ ಬಿಟ್ಟು ಊರಿಗೆ ಹೊರಟಿದ್ದರು. ಗ್ಯಾಲರಿಯಲ್ಲಿ ತನ್ನವರೇ ಸೋಲು ಬಯಸುತ್ತಿದ್ದರು. ಎದುರಾಳಿ ಮೆತ್ತಗೆ ತಳ್ಳಿದ ಒಂದು ಚೆಂಡಿನ ಬೆನ್ನು ಹತ್ತಿ ಓಡುವುದು ಬೇಕಿತ್ತೇ? ವಿಂಗರ್ ಓಡಬೇಕು, ಓಡಿದರು. ನನಗೆ 1996ರ ಆ ಚೆಂದದ ಗೋಲಿಗಿಂತ ಈ ಗೋಲಿನ ಮೇಲೇ ಹೆಚ್ಚು ಗೌರವ. ಇದರಲ್ಲಿ ಚೆಂದ ಏನೂ ಇಲ್ಲ. ಬರೀ ಓಟ.

ಮಧ್ಯಂತರದ ನಂತರ ಲಾಜಿಯೋದ ಸಿಮಿಯೋನೆ ಮೂರನೆಯ ಗೋಲು ಹೊಡೆದರು. ಅವರು ಹಿಂದೆ ಇಂಟರ್‌ನಲ್ಲೇ ಆಡಿದವರು. ಗೋಲು ಹೊಡೆದು ಕುಣಿಯಲಿಲ್ಲ, ಹಳೆಯ ಮನೆಯವರ ಎದುರು ಕುಣಿಯುವುದು ಹೇಗೆ? ಆದರೆ ಗೋಲನ್ನಂತೂ ಹೊಡೆದರು. ನಾಲ್ಕನೆಯದು ಸಿಮೋನೆ ಇಂಜಾಘಿಯವರದು. 4-2. ಇಂಟರ್‌ನ ಬ್ರೆಜಿಲ್ ತಾರೆ ರೊನಾಲ್ಡೊ ಬೆಂಚಿನ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತರು. ಎರಡು ತಿಂಗಳೊಳಗೆ ಅದೇ ರೊನಾಲ್ಡೊ ವಿಶ್ವಕಪ್ ಫೈನಲ್‌ನಲ್ಲಿ ಎರಡು ಗೋಲು ಹೊಡೆದು ನಗುವವರಿದ್ದರು, ಅದು ಬೇರೆ ಕಥೆ.

ಅತ್ತ ಉದಿನೆ ಎಂಬ ಊರಿನಲ್ಲಿ ಯುವೆಂಟಸ್ 2-0ಯಿಂದ ಗೆದ್ದಿತು. 71 ಅಂಕಗಳೊಂದಿಗೆ ಕಪ್ಪು ಅವರಿಗೆ, ಅಂದರೆ ನೆಡ್ವೆಡ್ ಇದ್ದ ತಂಡಕ್ಕೆ. ರೋಮಾ ತನ್ನ ಪಂದ್ಯ ಗೆದ್ದು 70ಕ್ಕೆ ಬಂದು ಎರಡನೆಯದಾಯಿತು. ಬೆಳಿಗ್ಗೆ ಮೊದಲ ಸ್ಥಾನದಲ್ಲಿದ್ದ ಇಂಟರ್ ಸಂಜೆಗೆ 69ರಲ್ಲೇ ಉಳಿದು ಮೂರನೆಯದು. ಲಾಜಿಯೋ ಅಭಿಮಾನಿಗಳು ಅಷ್ಟು ಹೆದರಿದ್ದು ಕೊನೆಗೂ ಆಗಲಿಲ್ಲ ನೋಡಿ. ಇನ್ನೊಂದು ತಮಾಷೆ: ಅಂದು ಇಂಟರ್‌ಗೆ ನಾಲ್ಕನೆಯ ಗೋಲು ಹೊಡೆದ ಇಂಜಾಘಿಯವರೇ ಮುಂದೆ ಇಂಟರ್‌ನ ಕೋಚ್ ಆಗಿ 2024ರಲ್ಲಿ ಆ ತಂಡಕ್ಕೆ ಲೀಗ್ ಕಪ್ಪು ಗೆದ್ದುಕೊಟ್ಟರು. ತಮ್ಮ ವಿರುದ್ಧ ಸರಿಯಾಗಿ ಆಡಿದವನನ್ನು ಇಂಟರ್‌ನವರು ದೂರ ಇಡಲಿಲ್ಲ.

ಪೊಬೊರ್‌ಸ್ಕಿ ಪ್ರಾಗ್‌ಗೆ ಮರಳಿದರು, ಈ ಸಲ ಸ್ಪಾರ್ಟಾ ಕ್ಲಬ್ಬಿಗೆ. ಅದು ಅವರ ಹಳೆಯ ಸ್ಲಾವಿಯಾದ ಬದ್ಧ ಎದುರಾಳಿ. ಅಲ್ಲೂ ಲೀಗ್ ಗೆದ್ದರು. 2004ರ ಯುರೋ ಕಪ್ಪಿಗೆ 32 ವರ್ಷ. ನೆದರ್ಲೆಂಡ್ಸ್ ವಿರುದ್ಧ 0-2 ಹಿಂದಿದ್ದ ಜೆಕ್ ತಂಡ 3-2ರಿಂದ ಗೆದ್ದ ಪಂದ್ಯವನ್ನು ಬಲ್ಲವರು ಇಂದಿಗೂ ಹೊಗಳುತ್ತಾರೆ. 88ನೆಯ ನಿಮಿಷದಲ್ಲಿ ಚೆಂಡು ಪೊಬೊರ್‌ಸ್ಕಿಗೆ ಸಿಕ್ಕಿತು. ಎದುರಿಗೇ ಗೋಲು. ತಾನೇ ಹೊಡೆಯದೆ ಪಕ್ಕದಲ್ಲಿ ಇನ್ನೂ ಒಳ್ಳೆಯ ಜಾಗದಲ್ಲಿದ್ದವರಿಗೆ ತಳ್ಳಿದರು. ಅಲ್ಲಿ ನಿಂತಿದ್ದವರು ನಮ್ಮ ಮದುಮಗ ಶ್ಮಿತ್ಸರ್! ಗೋಲಿನ ಪಟ್ಟಿಯಲ್ಲಿ ಹೆಸರು ಅವರದೇ.

ಆ ವರ್ಷ ಸೆಮಿಫೈನಲ್‌ನಲ್ಲಿ ಗ್ರೀಸ್ ಎದುರಾಯಿತು. ಚಿನ್ನದ ಗೋಲಿನ ನಿಯಮ ಬಿಟ್ಟು "ಬೆಳ್ಳಿ ಗೋಲು" ತಂದಿದ್ದರು. ಹೆಚ್ಚುವರಿ ಸಮಯದ ಮೊದಲ ಭಾಗ ಮುಗಿದಾಗ ಯಾರು ಮುಂದಿದ್ದಾರೋ ಅವರೇ ಗೆದ್ದಂತೆ. ಆ ಭಾಗದ ಕೊನೆಯ ಗಳಿಗೆಯಲ್ಲಿ ಗ್ರೀಸ್‌ನ ದೆಲ್ಲಾಸ್ ತಲೆಯಿಂದ ಹೊಡೆದರು. ಮತ್ತೆ ಗೋಲು ಹೊಡೆಯಲು ಸಮಯವೇ ಇಲ್ಲ. 1996ರಲ್ಲಿ ಚಿನ್ನದ ಗೋಲಿಗೆ, 2004ರಲ್ಲಿ ಬೆಳ್ಳಿ ಗೋಲಿಗೆ, ಎರಡಕ್ಕೂ ಸೋತ ತಂಡಗಳಲ್ಲಿ ಪೊಬೊರ್‌ಸ್ಕಿ ಇದ್ದರು. ಆಮೇಲೆ ಎರಡೂ ನಿಯಮಗಳನ್ನು ತೆಗೆದುಹಾಕಿದರು. ಸ್ವಲ್ಪ ಬೇಗ ತೆಗೆಯಬಾರದಿತ್ತೇ ಎಂದು ನನಗೆ ಅನ್ನಿಸುವುದುಂಟು.

2006ರ ವಿಶ್ವಕಪ್ ಆಡಿ ಅವರು ದೇಶದ ತಂಡಕ್ಕೆ ವಿದಾಯ ಹೇಳಿದರು. ಜೆಕ್ ದೇಶಕ್ಕೆ ಅಷ್ಟು ಪಂದ್ಯ ಆಡಿದವರು ಆಗ ಬೇರೆ ಯಾರೂ ಇರಲಿಲ್ಲ. ಆ 118ರ ದಾಖಲೆಯನ್ನು ಮುಂದೆ ಗೋಲ್‌ಕೀಪರ್ ಪೀಟರ್ ಚೆಕ್ ಮುರಿದರು. ಕೊನೆಯ ವರ್ಷಗಳನ್ನು ಪೊಬೊರ್‌ಸ್ಕಿ ತಾವು ಮೊದಲು ಆಡಿದ ಚೆಸ್ಕೆ ಬುದೆಯೊವಿತ್ಸೆಯ ಕ್ಲಬ್ಬಿನಲ್ಲೇ ಕಳೆದರು. ಮರಳಿ ಹೋದಾಗ ಅದು ಎರಡನೆಯ ದರ್ಜೆಗೆ ಇಳಿದಿತ್ತು. ಮ್ಯಾಂಚೆಸ್ಟರ್, ಲಿಸ್ಬನ್, ರೋಮ್ ನೋಡಿದ ಮನುಷ್ಯ ಅಲ್ಲಿ ಮತ್ತೆ ಬಲಬದಿಯ ಗೆರೆ ಹಿಡಿದು ಓಡಿದರು, ತಂಡ ಮೇಲಿನ ದರ್ಜೆಗೆ ಏರಿತು. 2007ರಲ್ಲಿ, 35ನೆಯ ವಯಸ್ಸಿಗೆ, ಬೂಟು ಕಳಚಿದರು. 2016ರಲ್ಲಿ ಉಣ್ಣೆ ಕಚ್ಚಿ (ಮಲೆನಾಡಿನವರು ಉಣುಗು ಎನ್ನುತ್ತೀರಿ) ಅದರಿಂದ ಬಂದ ಲೈಮ್ ಎಂಬ ಕಾಯಿಲೆಯಲ್ಲಿ ಆಸ್ಪತ್ರೆ ಸೇರಿ ಬಹಳ ಕಷ್ಟಪಟ್ಟರು. ಅದರಿಂದಲೂ ಎದ್ದು ಬಂದರು.

ಈ ವಾರದ ಲೆಕ್ಕ: 2002ರ ಮೇ 5ರ ಬೆಳಿಗ್ಗೆ ಇಂಟರ್ 69, ಯುವೆಂಟಸ್ 68, ರೋಮಾ 67. ಮೂರೂ ತಂಡಗಳಿಗೆ ಬೇರೆ ಬೇರೆ ಎದುರಾಳಿಗಳು. ರೋಮಾ ಉಳಿದ ಇಬ್ಬರಿಗಿಂತಲೂ ಹೆಚ್ಚು ಅಂಕ ಪಡೆದು ಕಪ್ಪು ಗೆಲ್ಲಬೇಕಿದ್ದರೆ ಆ ದಿನದ ಮೂರು ಪಂದ್ಯಗಳಲ್ಲಿ ಏನೇನು ಆಗಬೇಕಿತ್ತು? ಒಂದಕ್ಕಿಂತ ಹೆಚ್ಚು ಉತ್ತರ ಇದೆ. ಅಜ್ಜನನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಬರೆದು ಕಳಿಸಿ.